ಖಂದ್‌ಸುರೆನ್ ಅಜ್ಜಿಯ ಡಿಶ್ ಪೆಟ್ಟಿಗೆಯಿಂದ ನೆಟ್ ಪಡೆಯುವ ಬಗ್ಗೆ

ಕಣಿವೆ ಆಡಳಿತ ಕಚೇರಿ, ಶಾರ್‌ಬುಲಗ್, ಗೋಬಿ ಸೀಮೆ
ಸಂಖ್ಯೆ: ಕಆಕ/ಡಿಶ್/ಹುಲ್ಲು/೭

ವಿಷಯ: ಒಂದೇ ಗುಡಾರದ ಟಿವಿ ಪೆಟ್ಟಿಗೆಯಿಂದ ಇಡೀ ಕಣಿವೆ ನೆಟ್ ಹಂಚಿಕೊಳ್ಳುತ್ತಿರುವುದು.

೧. ಶ್ರೀಮತಿ ಖಂದ್‌ಸುರೆನ್ ಅವರ ಉಣ್ಣೆಗುಡಾರದ ಡಿಶ್ ಪೆಟ್ಟಿಗೆಯು ಟಿವಿಯ ಜೊತೆಗೆ ನೆಟ್ಟನ್ನೂ ಒದಗಿಸುತ್ತಿರುವುದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಕಣಿವೆಯಲ್ಲಿ ಬೇರೆ ನೆಟ್ ಇರುವುದಿಲ್ಲ. ಕಚೇರಿಗೂ ಇರುವುದಿಲ್ಲ.

೨. ಬಂದ ಅತಿಥಿಯನ್ನು ಏಕೆ ಬಂದಿರಿ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲದ ಕಾರಣ, ನೆಟ್ಟಿಗಾಗಿ ಬಂದವರು ಮೊದಲು ಒಂದು ಬಟ್ಟಲು ಉಪ್ಪುಚಹಾ ಕುಡಿದು, ಕುರಿಗಳು ಮೈತುಂಬಿವೆಯೇ ಎಂದು ವಿಚಾರಿಸಿ, ಉತ್ತರವನ್ನು ಕೊನೆಯವರೆಗೂ ಕೇಳಿ, ನಂತರವೇ ಫೋನ್ ತೆಗೆಯತಕ್ಕದ್ದು. ಈ ಬಗ್ಗೆ ಸದರಿ ಅಜ್ಜಿಯ ಹೇಳಿಕೆ: “ಮೊನ್ನೆ ಪಕ್ಕದ ಗುಡಾರದ ದಾಂಬಾ ಬಂದ. ಸೀಸೆ ಅದಲುಬದಲು ಮಾಡಿ ಮೂಸೋ ಪದ್ಧತಿಯಂತೆ ನನ್ನ ನಶ್ಯದ ಸೀಸೆ ಚಾಚಿದೆ. ಅವನು ತನ್ನ ಸೀಸೆ ಬದಲು ಫೋನ್ ಕೈಗಿಟ್ಟ. ಏನು ಮಾಡ್ಲಿ, ಮೂಸಿ ನೋಡಿ ವಾಪಸ್ ಕೊಟ್ಟೆ.”

೩. ಪೆಟ್ಟಿಗೆ ಇರುವುದು ಹಿರಿಯರು ಮಾತ್ರ ಕೂರುವ ಮೇಲ್ಜಾಗದಲ್ಲಿ. ನೆಟ್ ಚುರುಕಾಗಿರುವುದೂ ಅಲ್ಲಿಯೇ. ಆದ್ದರಿಂದ ಕೆಲವು ಯುವಕರು ಪಕ್ಕದ ಗುಡಾರಗಳಿಂದ ಮುದುಕರನ್ನು ಎರವಲು ತಂದು, ಮೇಲೆ ಕೂರಿಸಿ, ತಮ್ಮ ಫೋನುಗಳನ್ನು ಅವರ ಮಡಿಲಿಗೆ ಸುರಿಯುತ್ತಿದ್ದಾರೆ. ಎರವಲು ತಂದ ಮುದುಕರನ್ನು ಊಟ ಮಾಡಿಸಿಯೇ ಹಿಂದಿರುಗಿಸಬೇಕೆಂದು ಈ ಮೂಲಕ ಆದೇಶಿಸಲಾಗಿದೆ.

೪. ಡಿಶ್ ಕಂಬಕ್ಕೆ ಕುದುರೆ ಕಟ್ಟತಕ್ಕದ್ದಲ್ಲ. ಕುದುರೆ ಮೈ ಉಜ್ಜಿ, ಡಿಶ್ ಹೊರಳಿ, ಟಿವಿ ಚಿತ್ರ ಹೋದ ಕಾರಣ ಕುಸ್ತಿ ಪಂದ್ಯದ ನಿರ್ಣಾಯಕ ಪಟ್ಟು ಇಂದಿಗೂ ತಿಳಿದುಬಂದಿರುವುದಿಲ್ಲ.

೫. ಹೊರಗಿನಿಂದ ಗುಡಾರಕ್ಕೆ ಬೆನ್ನು ಆನಿಸಿ ನೆಟ್ ಎಳೆಯುವವರನ್ನೂ ಅತಿಥಿಗಳೆಂದೇ ಪರಿಗಣಿಸಲಾಗುವುದು. ಅವರಿಗೆ ಗುಡಾರದ ಉಣ್ಣೆಗೋಡೆಯ ಅಡಿಯಿಂದ ಚಹಾ ನೂಕಲಾಗುವುದು.

೬. ಹುಲ್ಲು ಮುಗಿದಿದೆ, ನಾಳೆ ಗುಡಾರ ಬಿಚ್ಚಿ ಉತ್ತರದ ಮೇವಿಗೆ ಹೊರಡುತ್ತೇನೆ ಎಂದು ಸದರಿ ಅಜ್ಜಿ ತಿಳಿಸಿರುತ್ತಾರೆ. ಸಾರ್ವಜನಿಕ ಹಿತದೃಷ್ಟಿಯಿಂದ, ಮುಂದಿನ ಆದೇಶದವರೆಗೆ ಅವರು ಹೊರಡತಕ್ಕದ್ದಲ್ಲ.

೭. ಕಲಂ ೬ಕ್ಕೆ ಅಜ್ಜಿಯ ಉತ್ತರ: “ನನಗ್ಯಾಕೆ ಹೇಳ್ತೀಯ ಸೋದೋವ್? ಹಸಿದಿರೋದು ಕುರಿಗಳು. ಅವಕ್ಕೆ ಓದಿ ಹೇಳು ಮಗಾ. ಒಪ್ಪಿದ್ರೆ ನಾನೂ ಇರ್ತೀನಿ.” ಅದರಂತೆ ಇಂದು ಬೆಳಿಗ್ಗೆ ಕಲಂ ೬ನ್ನು ಕುರಿಗಳ ಮುಂದೆ ಗಟ್ಟಿಯಾಗಿ ಓದಲಾಯಿತು. ಲಿಖಿತ ಆಕ್ಷೇಪಣೆ ಬಂದಿರುವುದಿಲ್ಲ. ಆದರೆ ಓದಿ ಮುಗಿಯುವಷ್ಟರಲ್ಲಿ ಅವು ಉತ್ತರಕ್ಕೆ ಹೊರಟುಹೋಗಿದ್ದವು.

೮. ಆದ್ದರಿಂದ ಕಲಂ ೬ನ್ನು ಹಿಂಪಡೆಯಲಾಗಿದೆ. ಕಣಿವೆಯ ಸಮಸ್ತ ಗುಡಾರಗಳೂ ಅಜ್ಜಿಯ ಹಿಂದೆ ಹೊರಡತಕ್ಕದ್ದು. ಕಚೇರಿಯ ಮೊಹರು, ಬಾವುಟ ಮತ್ತು ಒಲೆಯನ್ನು ಈಗಾಗಲೇ ಅವರ ಒಂಟೆಯ ಮೇಲೆ ಹೇರಲಾಗಿದೆ. ದಾರಿಯುದ್ದಕ್ಕೂ ಪೆಟ್ಟಿಗೆ ಗಂಟಿನಲ್ಲೇ ಇರುವುದರಿಂದ ನೆಟ್ ಇರುವುದಿಲ್ಲ. ಬೇಸರವಾದವರು ತನ್ನ ಜೊತೆ ಮಾತಾಡಬಹುದೆಂದು ಅಜ್ಜಿ ಅಪ್ಪಣೆ ದಯಪಾಲಿಸಿರುತ್ತಾರೆ.

(ಸಹಿ)
ಬ. ಸೋದೋವ್
ಕಣಿವೆ ಆಡಳಿತಾಧಿಕಾರಿ
ಸ್ಥಳ: ನಡೆಯುತ್ತಿದೆ

ಪ್ರತಿಗಳು:
ಮೇಲಧಿಕಾರಿಗಳಿಗೆ: ಪೆಟ್ಟಿಗೆ ಬಿಚ್ಚಿ ನೆಟ್ ಬಂದ ಮೇಲೆ ಕಳುಹಿಸಲಾಗುವುದು.
ಶ್ರೀ ದಾಂಬಾ ಅವರಿಗೆ: ಓದಿ ಹೇಳಲಾಗಿದೆ, ಕೇಳಿಸಿಕೊಂಡಂತೆ ಕಾಣಲಿಲ್ಲ.
ಕುರಿಗಳಿಗೆ: ಗುಡ್ಡದಾಚೆ ಹೋಗಿವೆ. ಕಚೇರಿ ಹಿಂಬಾಲಿಸುತ್ತಿದೆ.