ದಾರಿಯ ಸ್ಥಿತಿ ತಿಳಿಸುವ ಧ್ವನಿಯವರಿಗೆ, ಒಂದು ಮೊಣಕಾಲಿನ ಪರವಾಗಿ

ಮಾನ್ಯ ಧ್ವನಿಯವರೇ,

ಸಾರ್ವಜನಿಕ ಆಫ್-ಹೈವೇ ಸವಾರಿ ಪ್ರದೇಶದ ದೂರವಾಣಿಯೊಳಗೆ ನೆಲೆಸಿ, ಈ ದಿನ ಟ್ರೇಲುಗಳು, ಅಂದರೆ ಸವಾರಿಯ ಮಣ್ಣುದಾರಿಗಳು, ತೆರೆದಿವೆಯೋ ಮುಚ್ಚಿವೆಯೋ ಎಂಬುದನ್ನು ಹಗಲಿರುಳೆನ್ನದೆ ಲೋಕಕ್ಕೆ ತಿಳಿಸುತ್ತಿರುವ ತಮಗೆ, ಹ್ಯೂಸ್ಟನ್ ಬಳಿಯ ಪೇರ್ಲ್ಯಾಂಡಿನ ಚಿತ್ರಾ ರಘೂತ್ತಮ ಎಂಬ ಐವತ್ತೊಂಬತ್ತರ ಗೃಹಸ್ಥೆ, ಬಲ ಮೊಣಕಾಲು ಬಗ್ಗದ ಕಾರಣ ನಿಂತಲ್ಲಿಂದಲೇ ಮಾಡುವ ನಮಸ್ಕಾರಗಳು. ತಾವು ಮನುಷ್ಯರಲ್ಲ, ಬರೀ ರೆಕಾರ್ಡಿಂಗು ಎಂದು ನಮ್ಮ ಯಜಮಾನರು ವಾದಿಸುತ್ತಾರೆ. ಸಂದೇಶದ ನಡುವೆ ತಾವೊಮ್ಮೆ ಕೆಮ್ಮುವುದನ್ನು ಕೇಳಿರುವ ನಾನು ಅದನ್ನು ಒಪ್ಪಿಲ್ಲ. ಶುಂಠಿ ಕಷಾಯ ಕುಡಿಯಿರಿ, ವಾಸಿಯಾಗುತ್ತದೆ.

ನನ್ನ ಪರಿಚಯ ಹೇಳಿಕೊಳ್ಳುವುದಾದರೆ, ಇಪ್ಪತ್ತಾರು ವರ್ಷಗಳಿಂದ ನಾನು ಮನೆಯಿಂದ ಮೆಡಿಕಲ್ ಸೆಂಟರಿನ ರಕ್ತಪರೀಕ್ಷೆಯ ಲ್ಯಾಬಿಗೆ, ಲ್ಯಾಬಿನಿಂದ ಮನೆಗೆ, ಒಂದೇ ಹೈವೇಯ ಒಂದೇ ಲೇನಿನಲ್ಲಿ, ಮುಂದಿನ ಕಾರಿನ ಬೆನ್ನು ನೋಡುತ್ತ ಡ್ರೈವ್ ಮಾಡಿದವಳು. ಇಷ್ಟು ವರ್ಷದಲ್ಲಿ ಬಿಳಿ ಗೆರೆ ದಾಟಿಲ್ಲ, ಪೊಲೀಸರಿಂದ ಒಂದು ದಂಡದ ಟಿಕೆಟ್ ತಿಂದಿಲ್ಲ. ಮೊಣಕಾಲು ಸವೆದದ್ದು ಬ್ರೇಕ್ ಒತ್ತಿ ಒತ್ತಿಯೇ ಎಂಬುದು ನನ್ನ ಅಭಿಪ್ರಾಯ. ಡಾಕ್ಟರ್ ಶ್ರಾವಣಿ ಅದನ್ನು ಕಿವಿಗೇ ಹಾಕಿಕೊಳ್ಳದೆ, ಕೀಲು ಬದಲಿಸಲು ಒಂದು ಮಂಗಳವಾರವನ್ನು ಗೊತ್ತುಮಾಡಿ, "ಆಂಟಿ, ಆಮೇಲೆ ನಡೀಬಹುದು, ಮೆಟ್ಟಿಲು ಹತ್ತಬಹುದು, ಆದ್ರೆ ಕುಲುಕಾಟದ್ದು ಮಾತ್ರ ಏನೂ ಬೇಡ" ಎಂದರು. ಹಾಗಾದರೆ ಅದಕ್ಕೆ ಮುಂಚೆ ಒಂದು ಸಲ ಕುಲುಕಬಹುದೇ ಎಂದು ನಾನು ಕೇಳಿದಾಗ ಅವರು ಕಂಪ್ಯೂಟರಿನ ಕಡೆ ತಿರುಗಿಕೊಂಡರು. ಅದನ್ನು ನಾನು ಅನುಮತಿ ಎಂದು ತೆಗೆದುಕೊಂಡಿದ್ದೇನೆ.

ಹೀಗಾಗಿ, ಧ್ವನಿಯವರೇ, ನನಗೆ ಒಂದೇ ಒಂದು ಆಸೆ ಹುಟ್ಟಿತು: ನಾಲ್ಕು ದಪ್ಪ ಚಕ್ರದ ಗಾಡಿಯ ಮೇಲೆ ಬೈಕಿನಂತೆ ಕುಳಿತು, ಒಂದು ಸಲ, ಒಂದೇ ಸಲ, ರಸ್ತೆ ಬಿಟ್ಟು ಹೋಗಬೇಕು. ಲ್ಯಾಬಿನ ಸಹೋದ್ಯೋಗಿಯೊಬ್ಬರು ಮಾರಾಟಕ್ಕಿಟ್ಟಿದ್ದ ಅಂಥದೇ ಹಳೆಯ ಫೋರ್-ವೀಲರನ್ನು, ಅದನ್ನು ಹೊತ್ತೊಯ್ಯುವ ಟ್ರೇಲರಿನ ಸಮೇತ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದರಿಂದ ನಮ್ಮ ಯಜಮಾನರ ಕಾರು ಬಿಸಿಲಿಗೆ ಬಿತ್ತು. ಅವರೂ ಸ್ವಲ್ಪ ಬಿಸಿಯಾದರು.

ಸವಾರಿಗೆ ಬರುವವರಿಗೆಂದು ತಮ್ಮವರು ಪ್ರಕಟಿಸಿರುವ ಸೂಚನೆಗಳನ್ನು ನಾನು ವ್ರತಕಥೆಯಂತೆ ಶ್ರದ್ಧೆಯಿಂದ ಓದಿದೆ. ಸುರಕ್ಷತೆಯ ಪಾಠಕ್ಕೆ ಕುಳಿತು ಪರೀಕ್ಷೆಯಲ್ಲಿ ಪಾಸಾದೆ. ವರ್ಷದ ಪರವಾನಗಿ ಸ್ಟಿಕ್ಕರ್ ತರಿಸಿ ಗಾಡಿಯ ಮೇಲೆ ಕಾಣುವ ಕಡೆ ಅಂಟಿಸಿದೆ. ಗಾಡಿಯ ಪೂಜೆಯ ದಿನ ನಮ್ಮತ್ತೆ ಅದರ ಮೇಲೇ ಕುಂಕುಮ ಇಟ್ಟಾಗ ಒರೆಸಿ ಪಕ್ಕದಲ್ಲಿ ಇಡಿಸಿದೆ. ಹೆಲ್ಮೆಟ್ಟಿಗಾಗಿ ಮೂವತ್ತು ವರ್ಷದ ತುರುಬನ್ನು ಬಿಚ್ಚಿ ಜಡೆ ಹಾಕಿಕೊಂಡೆ. ಎಲ್ಲಕ್ಕಿಂತ ನನ್ನ ಮನಸ್ಸು ಸೂರೆಗೊಂಡದ್ದು, ಗುರುತು ಹಾಕಿದ ದಾರಿಯನ್ನು ಬಿಟ್ಟು ಯಾರೂ ಹೋಗತಕ್ಕದ್ದಲ್ಲ ಎಂಬ ತಮ್ಮ ನಿಯಮ. ದಾರಿ ಬಿಡಲೆಂದೇ ಸರ್ಕಾರ ಏರ್ಪಡಿಸಿದ ಜಾಗದಲ್ಲಿ ದಾರಿ ಬಿಡಬಾರದೆಂದು ಬರೆಯಲು ಎಷ್ಟು ದೊಡ್ಡ ಮನಸ್ಸು ಬೇಕು. ನಮ್ಮ ಯಜಮಾನರು ಇದನ್ನು ಜೋರಾಗಿ ಮೂರು ಸಲ ಓದಿ, "ಇಷ್ಟಕ್ಕ ಅಷ್ಟು ದೂರ ಯಾಕ ಹೋಗಬೇಕು, ಹೈವೇನ ಇತ್ತಲ್ಲ" ಎಂದರು.

ಮೊದಲನೆಯ ಶನಿವಾರ ತಮಗೆ ಫೋನ್ ಮಾಡಬೇಕೆಂಬುದು ತಿಳಿಯದೆ, ಅವಲಕ್ಕಿ ಕಟ್ಟಿಕೊಂಡು, ಟ್ರೇಲರ್ ಎಳೆದುಕೊಂಡು ಎರಡು ಗಂಟೆ ಬಂದು ಬೀಗ ಹಾಕಿದ ಗೇಟನ್ನು ದರ್ಶನ ಮಾಡಿ, ಅದರೆದುರಿಗೇ ಅವಲಕ್ಕಿ ತಿಂದು, ಬಂದ ದಾರಿಯಲ್ಲೇ ಹಿಂದಿರುಗಿದೆವು. ಹಿಂದಿನ ದಿನ ಮಳೆ ಬಂದಿತ್ತು, ಕೆಸರಾದರೆ ಟ್ರೇಲು ಮುಚ್ಚುತ್ತಾರೆ. ಹೊರಡುವ ಮುನ್ನ ಫೋನ್ ಮಾಡಿ ಎಂದು ಗೇಟಿನ ಮೇಲೆ ಚೊಕ್ಕವಾಗಿ ಬರೆದಿತ್ತು. ತಪ್ಪು ನಮ್ಮದೇ.

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಏಳಕ್ಕೆ ತಮಗೆ ಫೋನ್ ಮಾಡುವ ಕೆಲಸವನ್ನು ನಮ್ಮತ್ತೆ ಇಂದುಮತಿಬಾಯಿಯವರಿಗೆ ವಹಿಸಿದ್ದು, ಮಾನ್ಯರೇ, ನನ್ನ ಈ ಪತ್ರಕ್ಕೆ ಮೂಲ. ಆ ಹೊತ್ತಿಗೆ ನಾನು ಡಾಕ್ಟರರು ಹೇಳಿದಂತೆ ಕಾಲೆತ್ತುವ ವ್ಯಾಯಾಮ ಮಾಡುತ್ತ ನೆಲದ ಮೇಲಿರುತ್ತೇನೆ, ಯಜಮಾನರು ನಿದ್ದೆಯಲ್ಲಿರುತ್ತಾರೆ, ಐದಕ್ಕೇ ಎದ್ದು ಸ್ನಾನ ಮುಗಿಸುವ ಧಾರವಾಡದ ನಮ್ಮತ್ತೆ ಒಬ್ಬರೇ ಬಿಡುವಾಗಿರುತ್ತಾರೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಓಪನ್, ಕ್ಲೋಸ್ ಎಂಬ ಎರಡು ಮಾತು ತಿಳಿದರೆ ಸಾಕಲ್ಲ ಎಂದುಕೊಂಡೆ.

ಎರಡನೆಯ ಶನಿವಾರ ಅವರು ಫೋನ್ ಇಟ್ಟು, "ಇವತ್ತ ಮಡಿ ಅಂತ" ಎಂದರು. ಮೂರನೆಯ ಶನಿವಾರವೂ ಮಡಿ. ನಾಲ್ಕನೆಯದೂ ಮಡಿ. ಮಡ್ಡಿ ಎಂದರೆ ಕೆಸರು, ಟ್ರೇಲಿನ ಮಣ್ಣು ಇನ್ನೂ ಒಣಗಿಲ್ಲ, ಮುದುಕಿ ತಾನು ಕೇಳಿದ ಇಂಗ್ಲಿಷನ್ನೇ ಚೆನ್ನಾಗಿ ಒಪ್ಪಿಸುತ್ತಿದ್ದಾರೆ ಎಂದು ನಾನು ಮೆಚ್ಚಿಕೊಂಡೆ. ಹ್ಯೂಸ್ಟನ್ನಿನ ಆಕಾಶವೂ ಆ ಮೂರು ವಾರ ಸುರಿದು ಅವರ ಮಾತನ್ನು ಉಳಿಸಿತು. ಐದನೆಯ ಶನಿವಾರ, ಅಂದರೆ ಆಪರೇಷನ್ನಿಗೆ ಮುಂಚಿನ ಕಟ್ಟಕಡೆಯ ಶನಿವಾರ, ಬಿಸಿಲು ಚೆನ್ನಾಗಿಯೇ ಇತ್ತು. ಟ್ರೇಲರಿಗೆ ಗಾಡಿಯನ್ನು ಬಿಗಿದು, ಜಡೆ ಹಾಕಿ, ನಾನು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ ಅವರು ಅದೇ ಸಮಾಧಾನದಿಂದ "ಇವತ್ತೂ ಮಡಿನ ಅಂತವಾ" ಎಂದು ಹೇಳಿ ತುಳಸಿಗೆ ನೀರು ಹಾಕಲು ಹೋದರು. ನಾನು ಗಾಡಿಯನ್ನು ಇಳಿಸಿದೆ.

ಭಾನುವಾರ ಸಂಜೆ ಆರಕ್ಕೆ, ಗೇಟು ಮುಚ್ಚುವ ವೇಳೆ ದಾಟಿದ ಮೇಲೆ, ಏನೋ ಸಂಕಟ ತಡೆಯಲಾರದೆ ನಾನೇ ತಮಗೆ ಫೋನ್ ಮಾಡಿದೆ. ತಾವು ಎಂದಿನ ಸೌಜನ್ಯದಿಂದ, ತಗ್ಗಿನ ಜಾಗಗಳಲ್ಲಿ ಸ್ವಲ್ಪ ಮಡ್ಡಿ, ಆದರೆ ಈ ಶನಿವಾರ ಭಾನುವಾರ ಎಲ್ಲ ಟ್ರೇಲುಗಳೂ ತೆರೆದಿವೆ, ದಯಮಾಡಿ ಬನ್ನಿ, ಎಂದು ಹೇಳಿ, ಒಮ್ಮೆ ಕೆಮ್ಮಿ, ಸೋಮವಾರದಿಂದ ದುರಸ್ತಿಗಾಗಿ ಮುಂದಿನ ಪ್ರಕಟಣೆಯವರೆಗೆ ಮುಚ್ಚಲಾಗುವುದು ಎಂದಿರಿ. ನಾನು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಅದನ್ನೇ ಹೇಳಿದಿರಿ.

ವಿಚಾರಣೆ ನಡೆದಾಗ ತಿಳಿದುಬಂದದ್ದೇನೆಂದರೆ, ನಮ್ಮತ್ತೆ ತಮ್ಮನ್ನು ಈವರೆಗೆ ಕೆಸರಿನ ವರದಿಗಾರರೆಂದು ತಿಳಿದೇ ಇರಲಿಲ್ಲ. ಸ್ನಾನ ಮಾಡಿ, ಮಡಿಯುಟ್ಟು, ಯಾರೂ ತನ್ನನ್ನು ಮುಟ್ಟದಂತೆ ಮುಂಜಾನೆಯೇ ಎಚ್ಚರಿಸುವ ಒಬ್ಬ ಆಚಾರವಂತ ಹೆಂಗಸು ಈ ದೇಶದಲ್ಲೂ ಇದ್ದಾಳಲ್ಲ ಎಂದು ಅವರಿಗೆ ತಮ್ಮ ಮೇಲೆ ಅಪಾರ ಗೌರವ ಬೆಳೆದಿತ್ತು. ಆ ಗೌರವದಿಂದಲೇ ಅವರು ಪ್ರತಿ ಸಲ ಮೊದಲ ಮಾತಿಗೇ ಫೋನ್ ಇಟ್ಟುಬಿಡುತ್ತಿದ್ದರು. "ಮಡಿ ಅದೀನಿ ಅಂತ ಆಕಿನ ಬಾಯಿಬಿಟ್ಟು ಹೇಳಿದ ಮ್ಯಾಲೆ, ಮುಂದಿಂದು ಕೇಳ್ಕೋತ ನಿಂದ್ರೋದು ಛಂದ ಏನವಾ?" ಎಂದು ನನ್ನನ್ನೇ ಕೇಳಿದರು. ಯಜಮಾನರು ಅಡುಗೆಮನೆಗೆ ಹೋಗಿ ನಕ್ಕರು. ನನಗೂ ಮೊದಲು ನಗುವೇ ಬಂತು. ಆಮೇಲೆ ಗ್ಯಾರೇಜಿಗೆ ಹೋಗಿ ಗಾಡಿಯ ಮೇಲೆ ಕುಳಿತಾಗ ಅಳು ಬಂತು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಅತ್ತುಬಿಟ್ಟೆ. ಎಂಬತ್ತೆರಡರ ಮುದುಕಿಯನ್ನು ಬೈಯಲು ಬರುವುದಿಲ್ಲ, ಮಳೆಯನ್ನು ಬೈದು ಪ್ರಯೋಜನವಿಲ್ಲ, ಆದ್ದರಿಂದ ವಿಳಾಸವಿರುವ ತಮಗೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆಗಳು ಅತ್ಯಲ್ಪ. ಮೊದಲನೆಯದಾಗಿ, ಮುಂದೆ ತಾವು "ಕೆಸರು" ಎಂಬ ಶುದ್ಧ ಪದವನ್ನು ಬಳಸಬೇಕು; ಮೂರೇ ಅಕ್ಷರ, ತಮ್ಮಂಥ ಕಂಠಕ್ಕೆ ಎರಡು ದಿನದ ಅಭ್ಯಾಸ ಸಾಕು, ಉಚ್ಚಾರಕ್ಕೆ ನಮ್ಮತ್ತೆಯೇ ಪಾಠ ಹೇಳಲು ಸಿದ್ಧರಿದ್ದಾರೆ. ತೆರೆದ ಸುದ್ದಿಯನ್ನು ಮೊದಲು ಹೇಳಿ ಕೆಸರಿನ ಸುದ್ದಿಯನ್ನು ಕೊನೆಗಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಆಸ್ಟಿನ್ ಕಡೆಯ ಸುಣ್ಣಕಲ್ಲಿನ ನೆಲವನ್ನು ನಮ್ಮ ಕಡೆಯ ಜೇಡಿಮಣ್ಣಿನ ಕೆಳಗೆ ಹಾಸಿಸಿ ನೀರು ಬೇಗ ಇಂಗುವಂತೆ ಮಾಡಬೇಕು, ಮಳೆಯನ್ನು ವಾರದ ನಡುವಿನ ದಿನಗಳಿಗೆ ವರ್ಗ ಮಾಡಿಸಬೇಕು. ಇದಾವುದೂ ಆಗದಿದ್ದಲ್ಲಿ ತಮ್ಮ ಟ್ರೇಲಿನಲ್ಲಿ ಒಂದು ಮೈಲಿಯನ್ನು ಕತ್ತರಿಸಿ ನಮ್ಮ ಬಡಾವಣೆಗೆ ಕಳಿಸಿಕೊಡಿ. ಇಲ್ಲಿನ ಮನೆ ಮಾಲೀಕರ ಸಂಘದವರು ತಕರಾರು ತೆಗೆಯಬಹುದು, ಆದರೆ ಇಲ್ಲಿನ ಎಲ್ಲ ಮನೆಗಳಂತೆ ಅದಕ್ಕೂ ಮಾಸಲು ಹಳದಿ ಬಣ್ಣ ಬಳಿದರೆ ಒಪ್ಪುತ್ತಾರೆ, ಅವರು ಆ ಬಣ್ಣಕ್ಕೆ ಯಾವತ್ತೂ ಇಲ್ಲ ಅಂದವರಲ್ಲ.

ಇನ್ನು ಕಡೆಯದಾಗಿ ಒಂದು ವಿಷಯ ತಮ್ಮ ಅವಗಾಹನೆಗೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಆಸ್ಪತ್ರೆಗೆ ಫೋನ್ ಮಾಡಿ, ಮರುದಿನದ ಆಪರೇಷನ್ ಬೇಡ, ಮುಂದಕ್ಕೆ ಹಾಕಿ ಎಂದೆ. ಇಪ್ಪತ್ತಾರು ವರ್ಷ ಹೇಳಿದ ಹೊತ್ತಿಗೆ ಹೇಳಿದ ಕಡೆ ಹಾಜರಾದವಳು ನಾನು. ಕಾರಣ ಕೇಳಿದರು. ಹೇಳಿದೆ. ಆ ಕಡೆಯಾಕೆ ಎರಡನೆಯ ಬಾರಿ ಕೇಳಿಸಿಕೊಂಡು, ಬರೆದುಕೊಂಡಳು. ಡಾಕ್ಟರ್ ಶ್ರಾವಣಿ ಸಿಟ್ಟಾಗಿದ್ದಾರಂತೆ. ಕಾಲು ನೋಯುತ್ತಿದೆ, ಆದರೆ ಬೇಜಾರಿಲ್ಲ.

ಇಂತು, ತಮ್ಮ ಮುಂದಿನ ಪ್ರಕಟಣೆಗೆ ಕಿವಿಗೊಟ್ಟು, ಜಡೆ ಬಿಚ್ಚದೆ ಕುಳಿತಿರುವ

ತಮ್ಮ ವಿಶ್ವಾಸಿ,
ಚಿತ್ರಾ ರಘೂತ್ತಮ
ಪೇರ್ಲ್ಯಾಂಡ್

ಮರೆತ ಮಾತು: ಹೊಸ ತಾರೀಖು ಯಾವಾಗ ಎಂದು ಆಸ್ಪತ್ರೆಯವರು ದಿನಕ್ಕೆರಡು ಸಲ ನನ್ನನ್ನು ಪೀಡಿಸುತ್ತಿದ್ದುದರಿಂದ ಅವರಿಗೆ ತಮ್ಮ ನಂಬರನ್ನೇ ಕೊಟ್ಟುಬಿಟ್ಟಿದ್ದೇನೆ, ಇನ್ನು ಮೇಲೆ ಅವರೂ ತಮ್ಮನ್ನೇ ಕೇಳುತ್ತಾರೆ. ತಾವು "ಬನ್ನಿ" ಎಂದ ಮಾರನೆಯ ದಿನದಿಂದ ಈ ಮೊಣಕಾಲು ಅವರದು. ಅಲ್ಲಿಯವರೆಗೆ ನನ್ನದು.