ಎಲ್ಲರಿಗೂ ಕಳಸಲೇನು?

ನಮ್ಮ ಬನಹಟ್ಟಿಯಾಗ ಗುಟ್ಟು ಅಂಬೂದು ಮುಂಜಾನಿ ಹುಟ್ಟಿದ್ರ ಸಂಜೀಗೆ ಊರ ತುಂಬ ಅಡ್ಡಾಡತೈತಿ. ಇದು ಒಮ್ಮೆ ಆಗಿ ಮುಗಿಯೂ ಮಾತಲ್ಲ, ಆಗಾಗ ಆಗತೈತಿ, ಮತ್ತ ಹೆಚ್ಚಾಗಿ ನನಗಽ ಆಗತೈತಿ. ಹೇಳಿದ್ರ ನೀವು ನಗತೀರಿ. ನಗ್ರಿ. ನಾನೂ ಮೊದಲ ನಗತಿದ್ದೆ.

ನಾನು ಆಗ ಒಂದು ನೇಕಾರರ ಸೊಸಾಯಿಟಿಯಾಗ ಕಂಪ್ಯೂಟರ್ ನೋಡಕೊಳ್ಳೂ ಕೆಲಸಕ್ಕಿದ್ದೆ. ವಯಸ್ಸು ಮೂವತ್ನಾಕು, ಮದುವಿ ಇಲ್ಲ. ಬೀಳಗಿ ಕಡೀದೊಂದು, ಜಮಖಂಡೀದೊಂದು, ಎರಡು ಸಂಬಂಧ ಕೂಡಿ ಬಂದು ಮುರದಿದ್ದವು. ಎರಡಕ್ಕೂ ಕಾರಣ ಒಂದ. ನಿಶ್ಚಯ ಆಗೂ ಮೊದಲ ಸುದ್ದಿ ಹೊರಬಿದ್ದು, ಯಾರೋ ಪುಣ್ಯಾತ್ಮರು ಹೋಗಿ, "ಹುಡುಗ ಛಲೋ ಅದಾನ, ಆದ್ರ ಸಿಟ್ಟಿನ ಮನಶ್ಯಾ" ಅಂತ ಹೇಳಿ ಬಂದಿದ್ರು. ಅದನ್ನ ಕೇಳಿ ನನಗ ಎಂಥಾ ಸಿಟ್ಟು ಬಂತಂದ್ರ, ಅವರು ಹೇಳಿದ್ದು ಖರೆ ಅಂತ ಉಳಿದವರಿಗೂ ಗೊತ್ತಾತು.

ಈಗ ಮೂರನೇದು ಬಂದಿತ್ತು. ಮುಧೋಳದಾಕಿ, ಸಾಲಿ ಟೀಚರ್. ಅವ್ವ ಒಂದಽ ಮಾತು ಹೇಳಿದ್ಲು, "ಇದು ಮುರೀತಂದ್ರ ನಾಕನೇದು ಹುಡಕಾಕ ನನ್ನ ಕಾಲಾಗ ಶಕ್ತಿ ಇಲ್ಲಪಾ. ಅಕ್ಕಿಕಾಳ ಬೀಳೂ ತನಕ ಬಾಯಿ ಬಿಡಬ್ಯಾಡ." ನಾನು ಬಿಡಲಿಲ್ಲ. ಬಾಯಿ ಬಿಡಲಿಲ್ಲ.

ಓದಲಿ ಬಿಡ್ರಿ

ಅದ ವರ್ಷ ನಮ್ಮ ಅಧ್ಯಕ್ಷರು ಎಲ್ಲೋ ಮೀಟಿಂಗಿಗೆ ಹೋಗಿ ಬಂದು ನನ್ನ ಕರದರು. "ನೋಡಪಾ, ಅಲ್ಲಿ ಕಂಪ್ಯೂಟರದಾಗ ಒಂದು ಬಟನ್ ಐತಿ. ನಾವು ಇಂಟರ್ನೆಟ್‌ನ್ಯಾಗ ಏನರ ಛಲೋದು ನೋಡಿದ್ರ, ಅದನ್ನ ಒತ್ತಿದ್ರ ಸಾಕು, ಆ ಪುಟ ಎಲ್ಲಾರ ಮೇಲ್‌ಗೆ ಹೋಗತೈತಿ. ನಮಗೂ ಬೇಕು."

ಹುಡಕಿದೆ. ಬ್ರೌಸರಿಗೆ ಮ್ಯಾಲಿಂದ ಜೋಡಸೂ ಆಡ್-ಆನ್ ಅದು. ಹಾಕೂ ಮುಂದ ಅದು ಇಂಗ್ಲಿಷಿನ್ಯಾಗ ಒಂದು ಪ್ರಶ್ನೆ ಕೇಳಿತು. ನಾನು ಅಧ್ಯಕ್ಷರಿಗೆ ಕನ್ನಡದಾಗ ಹೇಳಿದೆ, "ಸಾಹೇಬ್ರ, ನಾವು ತಗಿಯೂ ಪ್ರತಿಯೊಂದು ಪುಟ ಇದೂ ಓದತೈತಂತ. ಒಪ್ಪಗಿ ಐತೇನು ಅಂತ ಕೇಳಾಕತ್ತೈತಿ."

"ಓದಲಿ ಬಿಡ್ರಿ. ಓದೂದೇನ್ ತಪ್ಪೇನು?"

"ತಪ್ಪಲ್ರಿ, ನಮ್ಮ ಖಾಸಗಿ ವಿಷಯ..."

"ಖಾಸಗಿ ಏನ್ ಬಂತ್ರಿ ಸೊಸಾಯಿಟಿಯಾಗ? ನಮ್ಮ ಡೈರೆಕ್ಟರಗೋಳು ಹನ್ನೆರಡು ಮಂದಿ ಅದಾರ, ಒಬ್ಬರೂ ಒಂದು ಕಾಗದ ಓದಿ ಸಹಿ ಮಾಡಿದವರಲ್ಲ. ಇದಾದ್ರೂ ಓದತೇನಿ ಅಂತೈತಿ. ಪಾಪ, ಓದಲಿ."

ಇಲ್ಲ ಅನ್ನೂದು ಹ್ಯಾಂಗ

ಆ ಬಟನ್ ಒತ್ತಿದ ಕೂಡ್ಲೆ ಇನ್ನೊಂದು ಪ್ರಶ್ನೆ ಬರತಿತ್ತು. ಅದೂ ಇಂಗ್ಲಿಷ್. ಮಂದೀಗೆ ತಿಳೀಲಿ ಅಂತ ನಾನ ಕನ್ನಡದಾಗ ಬರದು, ಎಲ್ಲಾ ಕಂಪ್ಯೂಟರಿಗೂ ಚೀಟಿ ಅಂಟಿಸಿದೆ. 'ಎಲ್ಲರಿಗೂ ಕಳಸಲೇನು? ಹೌದು. ಇಲ್ಲ.' ಇಲ್ಲ ಅಂತ ಒತ್ತಿದ್ರ ಹೆಸರಿನ ಪಟ್ಟಿ ತೆರೀತಿತ್ತು, ಬೇಕಾದವರನ್ನಷ್ಟ ಆರಿಸಿಕೊಳ್ಳಬಹುದಿತ್ತು. ಪಟ್ಟಿಯಾಗ ಅಧ್ಯಕ್ಷರಿಂದ ಹಿಡದು ಅಂಗಡಿಕಾರರ ತನಕ ಐವತ್ತು ಹೆಸರು. ಅದನ್ನೂ ನಾನ ಹಾಕಿದ್ದು. ಮಾಡಿದ್ದುಣ್ಣೋ ಮಾರಾಯ.

ಮೊದಲ ಬಿದ್ದವರು ನಮ್ಮ ಸೆಕ್ರೆಟರಿ. ಅವರಿಗೆ ಮೂಲವ್ಯಾಧಿ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಒಂದಿನ ಅದರ ಔಷಧದ ಪುಟ ಸಿಕ್ಕಿತು, ಮನ್ಯಾಗ ಕುಂತು ಸಾವಕಾಶ ಓದೂಣು ಅಂತ ತಮ್ಮ ಮೇಲ್‌ಗೆ ಕಳಸಾಕ ಬಟನ್ ಒತ್ತಿದ್ರು. ಎಲ್ಲರಿಗೂ ಕಳಸಲೇನು ಅಂತ ಅದು ಕೇಳಿತು. ಇವರು ಹೌದು ಅಂದ್ರು.

ಮರುದಿನ ಒಬ್ಬರು ಸುವರ್ಣಗಡ್ಡಿ ತಂದ್ರು. ಇನ್ನೊಬ್ಬರು ತಾಮ್ರದ ತಂಬಿಗಿ ತಂದ್ರು, ಅದರಾಗ ರಾತ್ರಿ ನೀರಿಟ್ಟು ಕುಡೀಬೇಕಂತ. ತೇರದಾಳದ ಅಂಗಡಿಯವರು ಫೋನ್ ಮಾಡಿ, ತಮ್ಮ ಮಾವಗ ಆಗಿದ್ದು, ಕೊಯ್ದಿದ್ದು, ಮತ್ತ ಆಗಿದ್ದು, ಎಲ್ಲಾ ಬರೋಬ್ಬರಿ ಹೇಳಿದ್ರು. ಸೆಕ್ರೆಟರಿ ನನ್ನ ಕಡೆ ಬಂದು ನಿಂತರು. ಕೂಡ್ರಿ ಅಂದೆ, ಕೂಡಲಿಲ್ಲ.

"ಅಲ್ರಿ, ಇಲ್ಲ ಅಂತ ಒತ್ತಬೇಕಾಗಿತ್ತು" ಅಂದೆ.

"ಹ್ಯಾಂಗ ಒತ್ತೂದ್ರಿ? ಬೀರಪ್ಪನ ಗುಡಿಯಾಗ ಪ್ರಸಾದ ಕೈಯಾಗ ಹಿಡಕೊಂಡು ನಿಂತಾಂವ ಎಲ್ಲರಿಗೂ ಕೊಡಲೇನು ಅಂತ ಕೇಳಿದ್ರ, ಬ್ಯಾಡ, ನನಗಷ್ಟ ಕೊಡು ಅನ್ನಾಕ ಬರತೈತೇನು? ಮನಶ್ಯಾ ಅನ್ನಸಕೊಂಡಾಂವ ಹಂಗ ಅನ್ನತಾನೇನು?"

ಆ ತಿಂಗಳ ಮೀಟಿಂಗಿನ್ಯಾಗ ಅಧ್ಯಕ್ಷರು ತಮ್ಮ ಕುರ್ಚಿ ಬಿಟ್ಟು ಎದ್ದು, "ಸೆಕ್ರೆಟರಿ ಸಾಹೇಬ್ರ, ನೀವು ಇದರ ಮ್ಯಾಲೆ ಕೂಡ್ರಿ, ಮೆತ್ತಗೈತಿ" ಅಂದ್ರು. ಅದನ್ನ ನಡಾವಳಿ ಪುಸ್ತಕದಾಗ ಬರೀಬೇಕಾದವರೂ ಸೆಕ್ರೆಟರಿನ.

ಅಂಚು

ನಮ್ಮ ಸೊಸಾಯಿಟಿಗೆ ಸೀರಿ ಡಿಸೈನ್ ತಗಿಯೂ ಒಬ್ಬರು ರಬಕವಿಯಿಂದ ಬರತಿದ್ರು. ಹಿರಿಯ ಕೈ. ಲಗ್ನದ ಸುಗ್ಗಿ ಬರೂ ಮೊದಲ ಒಂದು ಹೊಸಾ ಅಂಚು ತಗದು, ಮಗ್ಗಕ್ಕ ಏರಸೂ ತನಕ ಹೆಗಲ ಮ್ಯಾಲಿನ ಟವೆಲ್‌ನ್ಯಾಗ ಸುತ್ತಿ ಇಟಗೊಂಡಿರತಿದ್ರು. ಚಾ ಕುಡಿಯೂ ಮುಂದೂ ತೊಡಿ ಮ್ಯಾಲಿಂದ ಇಳಸತಿರಲಿಲ್ಲ.

ಆ ವರ್ಷ ಅವರು ಇಂಟರ್ನೆಟ್‌ನ್ಯಾಗ ಒಂದು ಹಳೇ ಗುಡಿಯ ಕಂಬದ ಚಿತ್ರ ಕಂಡ್ರು. ಬಳ್ಳಿ, ಬಳ್ಳಿಯಾಗ ಗಿಳಿ. ಅಂಚಿಗೆ ಹೇಳಿ ಮಾಡಿಸಿದಂಗ ಇತ್ತು. ನನ್ನ ಕಿವಿಯಾಗ ಅಂದ್ರು, "ಯಾರಿಗೂ ತೋರಸಬ್ಯಾಡ್ರಿ. ಇದನ್ನ ನನಗೊಬ್ಬಂಗ ಕಳಿಸಿಕೊಳ್ಳತೇನಿ."

"ಇಲ್ಲ ಅಂತ ಒತ್ತರಿ" ಅಂತ ಎರಡು ಸಲ ಹೇಳಿ ಒಳಗ ಹೋದೆ.

ಹೊರಗ ಬರೂದ್ರಾಗ ಹೌದು ಅಂತ ಒತ್ತಿ ಆಗಿತ್ತು. ಯಾಕ್ರಿ ಅಂತ ಕೇಳಿದ್ರ, "ಐವತ್ತು ಮಂದಿ ಹೆಸರು ಕಂಡ್ವು. ಇವರಿಗೆಲ್ಲ ಬ್ಯಾಡ ಅಂತ ಒತ್ತಿದ್ರ ನಾಳೆ ಮಾರಿ ಹ್ಯಾಂಗ ತೋರಸಲಿ ಅನ್ನಸ್ತು" ಅಂದ್ರು. ಕಳಿಸಿದ್ದನ್ನ ವಾಪಸ್ ತರಸಾಕ ಬರತೈತೇನು ಅಂತ ಕೇಳಿದ್ರು. ಬರಂಗಿಲ್ರಿ ಅಂದೆ. ಟವೆಲ್ ಝಾಡಿಸಿ ಹೆಗಲ ಮ್ಯಾಲೆ ಹಾಕ್ಕೊಂಡು ಹೋದ್ರು.

ಆ ಸುಗ್ಗಿಯಾಗ ರಬಕವಿ-ಬನಹಟ್ಟಿ ಎರಡೂ ಕಡೆ ಯಾವ ಅಂಗಡಿಗೆ ಹೋದ್ರೂ ಗಿಳಿ. ನಮ್ಮ ಸೀರಿ ಗೋದಾಮಿನಾಗ ಕುಂತವು. ಯುಗಾದಿ ಆದ ಮ್ಯಾಲೆ ಅವರು ಬಂದು ಹೇಳಿದ್ರು, "ನಮ್ಮಾಕಿನೂ ಅದನ್ನ ಉಟಗೊಂಡಾಳ್ರಿ. ಚಿಮ್ಮಡದಾಗ ತಗೊಂಡ್ಲಂತ. ನಿಮ್ಮವಕ್ಕಿಂತ ಇವರ ಗಿಳಿ ಛಲೋ ಅದಾವ ಅಂತಾಳ."

ಕದ

ನನ್ನ ತಲಿ ಕೆಟ್ಟು ಹೋತು. ಎಲ್ಲಾರನ್ನೂ ಕೂಡಿಸಿ ಒಂದು ತಾಸು ಪಾಠ ಮಾಡಿದೆ. ಯಾವುದನ್ನ ಹಂಚಬೇಕು, ಯಾವುದನ್ನ ಹಂಚಬಾರದು, ಕೆಲವು ಪುಟದ ವಿಳಾಸದಾಗ ನಮ್ಮ ಮನಿ ಕೀಲಿನೂ ಕೂಡಿ ಹೋಗತೈತಿ, ಅದನ್ನ ತಗದವರು ಪಾಸ್‌ವರ್ಡ್ ಇಲ್ಲದಽ ಸೀದಾ ನಮ್ಮ ಖಾತೆಯೊಳಗ, ಅಂದ್ರ ನಮ್ಮ ಮನ್ಯಾಗ ಬಂದು ಕೂಡತಾರ, ಎಲ್ಲಾ ಹೇಳಿದೆ. ದನಿ ಏರಿತ್ತು. ಸೆಕ್ರೆಟರಿ ನಿಂತ ಕೇಳಿದ್ರು.

ಕಡೀಕ ನೂಲಿನ ಗೋದಾಮು ನೋಡಕೊಳ್ಳಾಂವ ಎದ್ದ. ಹುನ್ನೂರಿನಾಂವ, ನನಗಿಂತ ಎರಡು ವರ್ಷಕ್ಕ ಸಣ್ಣಾಂವ, ದಿನಕ್ಕ ಹತ್ತು ಮಾತಾಡಿದ್ರ ಹೆಚ್ಚು. "ನೀವು ಹೇಳೂದು ಖರೆ ಐತ್ರಿ. ಆದ್ರ ನಮ್ಮ ಓಣ್ಯಾಗ ಹಗಲಹೊತ್ತು ಯಾರರ ಕದ ಹಾಕ್ಕೊಂಡ್ರ, ಅಯ್ಯೋ ಒಳಗೇನಾತೋ ಅಂತ ಎಂಟು ಮನಿ ಮಂದಿ ಬಂದು ಕದ ಬಡೀತಾರ. ತಗದಿಟ್ರ ಒಬ್ಬರೂ ಹಣಿಕಿ ಹಾಕಂಗಿಲ್ರಿ."

ಎಲ್ಲಾರೂ ಹೌದ್ಹೌದು ಅಂದ್ರು. ಅಲ್ಲಿಗೆ ನನ್ನ ಪಾಠ ಮುಗೀತು. ಅಧ್ಯಕ್ಷರು ಮಾತ್ರ ಹೋಗೂ ಮುಂದ ಬೆನ್ನು ಚಪ್ಪರಿಸಿ, "ಛಲೋ ಹೇಳಿದ್ರಿ. ಇದನ್ನ ಬರದು ಎಲ್ಲಾರಿಗೂ ಕಳಸರಿ" ಅಂದ್ರು.

ನನ್ನ ಕೈ

ಇನ್ನ ನನ್ನ ಕತಿ. ಮುಧೋಳದಾಕಿನ ಪುಟ ಇದ್ದದ್ದು ಒಂದು ಲಗ್ನದ ವೆಬ್‌ಸೈಟಿನ್ಯಾಗ. ನೆಟ್ ಅಂಗಡಿಯಾಗ ತಗದ್ರ ಹಿಂದ ನಾಕು ಮಾರಿ ಇರತಿದ್ದವು, ಮನ್ಯಾಗ ಕಂಪ್ಯೂಟರ್ ಇರಲಿಲ್ಲ. ಅದಕ್ಕ ಆಫೀಸಿನ್ಯಾಗ, ಊಟದ ಹೊತ್ತಿನ್ಯಾಗ, ಎಲ್ಲಾರೂ ಬುತ್ತಿ ಬಿಚ್ಚಿದ ಮ್ಯಾಲೆ ನೋಡತಿದ್ದೆ. ಆಕಿ ಅದರಾಗ ನನಗ ಒಂದು ಪ್ರಶ್ನೆ ಬರದಿದ್ಲು. 'ನಿಮಗೆ ಸಿಟ್ಟು ಬರುತ್ತದೆಯೇ? ಬಂದರೆ ಏನು ಮಾಡುತ್ತೀರಿ?' ಅಷ್ಟ.

ನಾಕು ದಿನದಿಂದ ನಾನು ಉತ್ತರ ಬರದು ಬರದು ಅಳಸಾಕತ್ತಿದ್ದೆ. ಇಲ್ಲ ಅಂದ್ರ ಸುಳ್ಳು, ಹೌದು ಅಂದ್ರ ಸಂಬಂಧ ಹೋತು. ಹತ್ತು ಸಲ ಅಳಿಸಿದ ಮ್ಯಾಲೆ, ಇಂಥಾ ಪ್ರಶ್ನೆ ಯಾಕರ ಕೇಳತಾರ ಅಂತ ಆಕಿ ಮ್ಯಾಲಽ ಸಿಟ್ಟು ಬಂತು. ಜಮಖಂಡಿಯಾಗ ನಮ್ಮ ಸ್ವಾದರಮಾವ ಅದಾನ, ತಿಳಿದಾಂವ. ಅವಂಗಷ್ಟ ಪುಟ ಕಳಿಸಿ, ಏನು ಬರೀಲಿ ಅಂತ ಕೇಳೂಣು ಅನ್ನಸ್ತು. ಬಟನ್ ಒತ್ತಿದೆ. ಪ್ರಶ್ನೆ ಬಂತು. ಇಲ್ಲ ಅಂತ ಒತ್ತಾಕ ಕೈ ಎತ್ತಿದೆ.

ಹಿಂದಿಂದ ಅಧ್ಯಕ್ಷರ ದನಿ ಬಂತು. "ಏನದು, ಏನರ ಛಲೋದು ಸಿಕ್ಕೇತೇನು?" ಕೈಯಾಗ ರೊಟ್ಟಿ ಹಿಡಕೊಂಡು ನಿಂತಿದ್ರು. ಅವರ ಹಿಂದ ಡಿಸೈನಿನವರು, ಅವರ ಹಿಂದ ಸೆಕ್ರೆಟರಿ. ಮೂವರೂ ಚೀಟಿ ನೋಡಿದ್ರು, ನನ್ನ ಕೈ ನೋಡಿದ್ರು.

"ಎಲ್ಲಾರಿಗೂ ಕಳಸಲೇನು ಅಂತ ಕೇಳಾಕತ್ತೈತಿ" ಅಂದ್ರು ಅಧ್ಯಕ್ಷರು, ಬಾಳ ಸಾವಕಾಶ. "ಇಲ್ಲ ಅನ್ನಾವರಿದ್ದೀರೇನು?"

ಹೇಳೂದು ಆಚಾರ, ತಿನ್ನೂದು ಬದನಿಕಾಯಿ. ಒಂದು ತಾಸು ಪಾಠ ಮಾಡಿದಾಂವ ನಾನು. ಮೂರು ಮಂದಿ ಹಿರ್ಯಾರ ಮುಂದ, ನಿಮಗ ಇಲ್ಲ ಅಂತ ಒತ್ತೂದು ನನ್ನ ಕೈಲೆ ಆಗಲಿಲ್ಲ. ಹೌದು ಅಂತ ಒತ್ತಿದೆ. ಅಧ್ಯಕ್ಷರು ಸಮಾಧಾನ ಆಗಿ ರೊಟ್ಟಿ ತಿನ್ನಾಕ ಹೋದ್ರು.

ಹನ್ನೊಂದು ಉತ್ತರ

ಆ ಪುಟದ ವಿಳಾಸದಾಗ ಕೀಲಿ ಇತ್ತು. ನಾನ ಪಾಠ ಮಾಡಿದ್ನೆಲ್ಲ, ಅದಽ ಕೀಲಿ. ತಗದವರೆಲ್ಲ ನನ್ನ ಹೆಸರಿನ್ಯಾಗ ಒಳಗ ಹೋದ್ರು. ಅಲ್ಲಿ ಒಂದು ಹೆಣ್ಣುಮಗಳು ಪ್ರಶ್ನೆ ಕೇಳಿ ನಾಕು ದಿನ ಆದ್ರೂ ಉತ್ತರ ಹೋಗಿಲ್ಲ ಅಂಬೂದನ್ನ ನೋಡಿದ್ರು. ಕರುಳಿದ್ದ ಮಂದಿ. ಪಾಪ, ಎಷ್ಟು ದಿನ ಕಾಯಿಸೂದು ಅಂತ, ತಾವ ಉತ್ತರ ಬರದ್ರು.

ಅಧ್ಯಕ್ಷರು ಬರದದ್ದು: 'ನಾನು ಒಳ್ಳೆಯ ಹುಡುಗ ಎಂದು ನಮ್ಮ ಅಧ್ಯಕ್ಷರು ಎಲ್ಲರ ಮುಂದೆ ಹೇಳುತ್ತಾರೆ. ಸಿಟ್ಟಿದೆ, ಆದರೆ ಕೈ ಎತ್ತುವವನಲ್ಲ.' ಸೆಕ್ರೆಟರಿ ಬರದದ್ದು: 'ತಮ್ಮ ಪತ್ರ ತಲುಪಿತು. ಸದರಿ ಸಿಟ್ಟಿನ ವಿಷಯವನ್ನು ಮುಂದಿನ ಸಭೆಯಲ್ಲಿ ಮಂಡಿಸಿ ತಿಳಿಸಲಾಗುವುದು.' ಡಿಸೈನಿನವರು ಸಿಟ್ಟಿನ ಸುದ್ದಿಗೇ ಹೋಗಿರಲಿಲ್ಲ. 'ನೀವು ಫೋಟೋದಲ್ಲಿ ಉಟ್ಟ ಸೀರೆಯ ಅಂಚು ಯಾವ ಊರಿನದು?' ಅಂತ ಕೇಳಿದ್ರು. ತೇರದಾಳದವರು ಇಲ್ಲೂ ತಮ್ಮ ಮಾವನ್ನ ತಂದಿದ್ರು.

ಇದೆಲ್ಲ ಮರುದಿನ ಮುಂಜಾನೆ ನೋಡಿದೆ. ಅವ್ವಗ ಏನ್ ಹೇಳಲಿ ಅಂತ ತಲಿ ಮ್ಯಾಲೆ ಕೈ ಹೊತ್ತು ಕುಂತೆ. ನೋಡ್ರಿ, ಸಿಟ್ಟೂ ಬರಲಿಲ್ಲ. ಸಿಟ್ಟು ಬರಾಕೂ ಮನಶ್ಯಾನೊಳಗ ಏನರ ಉಳದಿರಬೇಕು.

ಹನ್ನೊಂದು ಗಂಟೇಕ, ನನ್ನ ಪುಟದಾಗ ಕೊಟ್ಟಿದ್ದ ಆಫೀಸಿನ ನಂಬರಿಗೆ ಫೋನ್ ಬಂತು. ಆಕಿನ.

"ನಮಸ್ಕಾರ್ರಿ. ನಿಮ್ಮ ಹೆಸರಿಲೆ ಹನ್ನೊಂದು ಉತ್ತರ ಬಂದಾವ. ಇದರಾಗ ನೀವು ಯಾವುದು?"

"ನಂದು ಇನ್ನೂ ಬರದಿಲ್ರಿ" ಅಂದೆ.

ಆಕಿ ನಕ್ಕಳು. ಆ ನಗಿ ಕೇಳಿ ನನಗ ಜೀವ ಬಂದಂಗಾತು. ಆದದ್ದೆಲ್ಲ ಹೇಳಿದೆ, ಬಟನ್ನು, ಚೀಟಿ, ರೊಟ್ಟಿ, ಒಂದೂ ಮುಚ್ಚಲಿಲ್ಲ. ಆಕಿ ಮತ್ತ ಮತ್ತ ನಕ್ಕಳು. ಸಂಬಂಧ ಕೂಡಿತು ಅಂತ ಅನ್ನಸ್ತು, ಖರೆ ಹೇಳತೇನಿ, ಆ ಐದು ನಿಮಿಷ ನಾನು ಲಗ್ನ ಆದಾಂವಂಗ ಕುರ್ಚಿ ಮ್ಯಾಲೆ ಕುಂತಿದ್ದೆ.

"ಏಳನೇದೊಂದು ಐತ್ರಿ, ಓದತೇನಿ ಕೇಳ್ರಿ" ಅಂದ್ಲು. "'ಸಿಟ್ಟು ಬರತೈತ್ರಿ. ನೂಲು ತೊಡಕಾದ್ರ ನಾ ಹರಿಯಂಗಿಲ್ಲ, ಕುಂತು ಬಿಡಸತೇನಿ. ತಾಸು ಹಿಡೀತೈತಿ. ಸಿಟ್ಟಿಗೂ ಅಷ್ಟ ಹಿಡೀತೈತಿ. ಅಲ್ಲೀ ತನಕ ಯಾರ ಜೋಡಿನೂ ಮಾತಾಡಂಗಿಲ್ಲ.' ಇದನ್ನ ಬರದವರು ಯಾರ್ರಿ?"

ಯಾರಂತ ಯಾರನ್ನೂ ಕೇಳೂದು ಬೇಕಾಗಿರಲಿಲ್ಲ. ಕಿಡಕಿಯಾಚೆ ಗೋದಾಮಿನ ಬಾಗಲದಾಗ ಅವ ಕುಂತಿದ್ದ. "ನಮ್ಮ ನೂಲಿನ ಗೋದಾಮಿನಾಂವ್ರಿ. ಮಾತು ಕಡಿಮಿ" ಅಂದೆ.

ಆಕಿ ಏಳನೇದನ್ನ ಇನ್ನೊಮ್ಮೆ ಓದಿದ್ಲು. ಆಮ್ಯಾಲೆ, "ಅವರಿಗೆ ಮದುವಿ ಆಗೇತೇನ್ರಿ?" ಅಂತ ಕೇಳಿದ್ಲು.

ಆಗೇತಿ ಅಂತ ಒಂದಽ ಒಂದು ಸುಳ್ಳು ಹೇಳಿದ್ರ ಮುಗೀತಿತ್ತು. ನಾಲಗಿ ತುದೀಗೆ ಬಂದಿತ್ತು.

"ಇಲ್ರಿ" ಅಂದೆ.

"ಹಂಗಾರ ಸ್ವಲ್ಪ ಅವರ ಕಡೆ ಫೋನ್ ಕೊಡ್ರಲಾ" ಅಂದ್ಲು, ಬಾಳ ಮರ್ಯಾದಿಲೆ.