ಗುಹೆಗೆ ಹೋದ ಅಡುಗೆಯವಳು

ಆಟದಲ್ಲಿ ಸೋಲುವುದಕ್ಕೆ ಏನಿದೆ ಎಂದು ತಿಳಿದೇ ನಾನು ಕೂತದ್ದು. ಮೂರನೇ ಕ್ಲಾಸು ಕಲಿತವಳಾದರೂ ನಲವತ್ತು ವರ್ಷ ಮನೆ ನಡೆಸಿದ್ದೇನೆ, ಒಂದು ಗುಹೆ ನಡೆಸಲಿಕ್ಕೆ ಆಗುವುದಿಲ್ಲವೇ? ಆಗಲಿಲ್ಲ! ಈಗಲೂ ನೆನೆದರೆ ಮೈ ಉರಿಯುತ್ತದೆ.

ಮಗಳು ಐರಿನ್ ಗಲ್ಫಿನಲ್ಲಿ ನರ್ಸು. ಆ ವರ್ಷ ರಜೆಗೆ ಮಂಗಳೂರಿನ ಉರ್ವದ ಮನೆಗೆ ಬರುವಾಗ ಪೆಟ್ಟಿಗೆಯಲ್ಲಿ ಒಂದು ಆಟ ತಂದಳು. ಎಲ್ಲರೂ ಒಂದೊಂದು ಕೆಲಸದವರಾಗಿ ಸುಳ್ಳು ಗುಹೆಗೆ ಹೋಗಬೇಕು. ಸಿಪಾಯಿ, ಕಳ್ಳ, ವೈದ್ಯ, ಹೀಗೆ. ಪ್ರತಿಯೊಬ್ಬರಿಗೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಬಾಯಿ ಎಂದು ಆರು ಗುಣ. ಆರನೆಯದಕ್ಕೆ ಪುಸ್ತಕದಲ್ಲಿ ಏನೋ ದೊಡ್ಡ ಹೆಸರಿತ್ತು, ಬಾಯಿ ಎಂದದ್ದು ನಾನು. ದಾಳ ಹಾಕಿ ಬಂದ ಒಟ್ಟು ಲೆಕ್ಕವನ್ನು ಆರು ಗುಣಕ್ಕೂ ಬೇಕಾದ ಹಾಗೆ ಹಂಚಿಕೊಳ್ಳಬೇಕು. ಆಮೇಲೆ ಏನು ಮಾಡುವುದಿದ್ದರೂ ಇಪ್ಪತ್ತು ಮುಖದ ದಾಳ ಹಾಕಬೇಕು. ಬಿದ್ದದ್ದು ಆ ಗುಣದ ಅಂಕೆಯ ಒಳಗಿದ್ದರೆ ಕೆಲಸ ಆಯಿತು, ಮೀರಿದರೆ ಹೋಯಿತು.

ನನ್ನ ಗಂಡ ಪಾಸ್ಕಲ್ ಕಳ್ಳನಾದರು. ಪಕ್ಕದ ಮನೆಯ ವಿಠಲ ಶೆಟ್ರು ಸಿಪಾಯಿಯಾದರು. ಹಂಪನಕಟ್ಟೆಯಲ್ಲಿ ಹೋಟೆಲು ಇಟ್ಟು ಮೂವತ್ತು ವರ್ಷ ಗಲ್ಲಾದಲ್ಲೇ ಕೂತವರು ಅವರು.

“ನಾನು ಅಡುಗೆಯವಳು,” ಎಂದೆ.

“ಪುಸ್ತಕದಲ್ಲಿ ಅಡುಗೆಯವಳು ಇಲ್ಲ ಮಾಯ್. ಬೇಕಾದ್ರೆ ನಾವೇ ಮಾಡುವ. ಯಾವ ಗುಣ ಬೇಕು ಹೇಳು,” ಎಂದಳು ಆಟ ನಡೆಸುತ್ತಿದ್ದ ಐರಿನ್. ಅಮ್ಮನನ್ನು ಅವಳು ಮಾಯ್ ಎನ್ನುವುದು.

ಶೆಟ್ರು ನಕ್ಕರು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ಅವರು ಬಾಯಮ್ಮ ಎಂದೇ ಕರೆಯುವುದು. “ಅಡುಗೆಗೆ ಎಂತ ಗುಣ ಬಾಯಮ್ಮ? ಸೌಟು ಹಿಡೀಲಿಕ್ಕೆ ಒಂದು ಕೈ ಇದ್ರೆ ಆಯ್ತು.”

ನನ್ನ ತಲೆ ಕೆಟ್ಟಿತು. ಮುಂದಿನ ವಾರ ಮೊಂತಿ ಹಬ್ಬ. ಮೇರಿ ಮಾತೆಯ ಹುಟ್ಟಿದ ದಿನ, ಹೊಸ ಅಕ್ಕಿಯ ಊಟ, ಮೀನು ಮಾಂಸ ಇಲ್ಲ, ತರಕಾರಿ ಬಗೆಗಳ ಲೆಕ್ಕ ಬೆಸ ಬರಬೇಕು. ನಮ್ಮಲ್ಲಿ ಒಂಬತ್ತು. ಮದುವೆಯಾದಲ್ಲಿಂದ ಆ ದಿನ ನಾನು ಕುರ್ಚಿಯಲ್ಲಿ ಕೂತು ಬೇರೆಯವರಿಂದ ಬಡಿಸಿಕೊಂಡು ಉಂಡದ್ದಿಲ್ಲ. ಈಗ ಮಂಡಿನೋವು ಬೇರೆ.

“ನನ್ನ ಅಡುಗೆಯವಳು ಗುಹೆ ದಾಟಿ ಜೀವಂತ ಹೊರಗೆ ಬಂದ್ರೆ, ಒಂಬತ್ತೂ ನೀವಿಬ್ರು ಗಂಡಸ್ರು ಮಾಡ್ಬೇಕು. ನಾನು ಕೂತು ತಿನ್ನುವುದು!”

“ಮೂರು ಅವಕಾಶ ಕೊಡ್ತೇನೆ,” ಎಂದರು ಶೆಟ್ರು, ದಾನ ಮಾಡುವವರ ಹಾಗೆ.

ನಾನು ದೊಡ್ಡ ಅಕ್ಷರದಲ್ಲಿ ನಿಯಮ ಬರೆದೆ. ಚರಿಗೆಯಂಥ ದೊಡ್ಡ ಪಾತ್ರೆ ಎತ್ತಲು ಬಲ. ಹೆಚ್ಚಲು ಚುರುಕು. ಹೊಗೆಯಲ್ಲಿ ನಿಲ್ಲಲು ತಾಳಿಕೆ. ಅಳತೆಗೆ ಬುದ್ಧಿ. ರುಚಿಗೆ ವಿವೇಕ. ನೆಂಟರಿಗೆ ಬಾಯಿ. ಆರರಲ್ಲೂ ಗೆದ್ದರೆ ಮಾತ್ರ ಅಡುಗೆ!

“ಮಾಯ್, ಸಿಪಾಯಿ ಬಲ ಒಂದನ್ನೇ ನಂಬಿದ್ದಾನೆ. ದೊಡ್ಡ ಅಂಕೆ ಅಲ್ಲಿಗೆ ಹಾಕಿದ್ರೆ ಮುಗೀತು. ನಿನಗೆ ಆರಕ್ಕೂ ದೊಡ್ಡ ಅಂಕೆ ಎಲ್ಲಿಂದ ಬರ್ತದೆ?”

“ಅಡುಗೆ ಎಂತ ಅಂತ ನನಗೆ ಕಲಿಸ್ಬೇಡ!”

ಎಲ್ಲಕ್ಕೂ ಹಂಚಿದ್ದರಲ್ಲಿ ಹತ್ತು ದಾಟಿದ ಗುಣ ಒಂದೂ ಇರಲಿಲ್ಲ. ಗುಹೆಯ ಬಾಗಿಲಲ್ಲಿ ಒಲೆ ಹಚ್ಚಿದೆ. ತಾಳಿಕೆಯ ದಾಳದಲ್ಲಿ ಹದಿನೆಂಟು ಬಿತ್ತು. ರಾಕ್ಷಸನ ಮುಖವನ್ನೂ ನೋಡದೆ ನನ್ನ ಅಡುಗೆಯವಳು ಹೊಗೆಗೆ ಸತ್ತಳು.

ಶೆಟ್ರು ಗಂಭೀರವಾಗಿ ಎದ್ದು ನಿಂತು ಮೌನಾಚರಣೆ ಮಾಡಿದರು. ಆ ಮನುಷ್ಯನಿಗೆ ಕಾಫಿ ಕೊಟ್ಟವಳೂ ನಾನೇ!

ಮರುದಿನ ನಿಯಮ ತಿರುಗಿಸಿದೆ. ಅಡುಗೆಯವಳ ಎಲ್ಲ ಕೆಲಸವೂ ಬಾಯಿಯಿಂದಲೇ. ಬಾಯಿಗೆ ಹದಿನೇಳು ಹಾಕಿದೆ, ಬಾಕಿದ್ದೆಲ್ಲ ಕಸ. ಏನು ಹೇಳಲಿ! ರಾಕ್ಷಸ ಬಂದ, ಬೈದೆ, ಕೂತು ಪಾತ್ರೆ ತೊಳೆದ. ಹಾವು ಬಂತು, ಬೈದೆ, ಕ್ಷಮೆ ಕೇಳಿ ಹೋಯಿತು.

“ಹಾಗಾದ್ರೆ ನಾನೂ ಅಡುಗೆಯವನೇ,” ಎಂದು ಪಾಸ್ಕಲ್ ಕಳ್ಳತನ ಬಿಟ್ಟರು.

“ಇನ್ನು ಸಿಪಾಯಿ ಯಾಕೆ ಮಾರಾಯ್ರೆ?” ಎಂದು ಶೆಟ್ರೂ ಬಲದ ಅಂಕೆಯನ್ನೆಲ್ಲ ಬಾಯಿಗೆ ಹಾಕಿ ಸೌಟು ಹಿಡಿದರು.

ಐರಿನ್ ತಲೆ ಮೇಲೆ ಕೈ ಇಟ್ಟಳು. “ಒಂದೇ ಗುಣದಲ್ಲಿ ಎಲ್ಲ ಆಗುವುದಾದ್ರೆ ಬೇರೆ ಕೆಲಸ ಯಾರಿಗೆ ಬೇಕು ಮಾಯ್?”

ಮುಂದಿನ ಬಾಗಿಲಿಗೆ ಕಲ್ಲು ಅಡ್ಡ ಇತ್ತು. ಎತ್ತುವ ಬಲ ಮೂವರಲ್ಲಿ ಒಬ್ಬರಿಗೂ ಇಲ್ಲ. ಮೂರು ಜನ ಅಡುಗೆಯವರು ನೀನು ಎತ್ತು, ನೀನು ಎತ್ತು ಎಂದು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಲೇ ಹಸಿವಿನಿಂದ ಸತ್ತರು.

ಮೂರನೇ ದಿನ ಐರಿನ್ ನನ್ನ ಕೈಯಿಂದ ಪೆನ್ಸಿಲು ಕಿತ್ತುಕೊಂಡಳು. “ಎರಡು ಗುಣ ಸಾಕು. ತಾಳಿಕೆ, ವಿವೇಕ. ನೀನು ಒಲೆ ಹತ್ರ ನಿಂತು ರುಚಿ ನೋಡು. ಭಾರ ಸಿಪಾಯಿ ಎತ್ತಲಿ, ಹೆಚ್ಚುವುದು ಕಳ್ಳ ಮಾಡಲಿ.”

“ಅವರು ಚೆಲ್ತಾರೆ.”

“ಚೆಲ್ಲಲಿ ಮಾಯ್!”

ಹಲ್ಲು ಕಚ್ಚಿ ಒಪ್ಪಿದೆ. ತಾಳಿಕೆಗೆ ಹದಿನಾರು, ವಿವೇಕಕ್ಕೆ ಹದಿನೈದು, ಬಲಕ್ಕೆ ಐದು. ಆಟ ಬೆಣ್ಣೆಯ ಹಾಗೆ ಹೋಯಿತು. ಪಾಸ್ಕಲ್ ಹೆಚ್ಚಿದರು, ನಾನು ಬೇಯಿಸಿದೆ, ಉಂಡ ಶೆಟ್ರು ರಾಕ್ಷಸರನ್ನು ಹೊಡೆದರು. ಕೊನೆಯ ಕೋಣೆಯಲ್ಲಿ ಮುದಿ ರಾಕ್ಷಸನಿಗೆ ಗಂಜಿ ಹಾಕಿದರೆ ದಾರಿ ಬಿಡುತ್ತಾನೆ. ಗಂಜಿ ಸಿದ್ಧ. ಶೆಟ್ರ ಬಲ ಹದಿನೆಂಟು. ಚರಿಗೆ ಎತ್ತಿಕೊಟ್ಟರೆ ಮುಗಿಯಿತು. ಹಬ್ಬದ ಕುರ್ಚಿ ನನ್ನ ಕಣ್ಣ ಮುಂದೆ ಬಂತು.

ಶೆಟ್ರು ಕುಳಿತಲ್ಲೇ ಗಾಳಿಯಲ್ಲಿ ಚರಿಗೆ ಎತ್ತಿ ತೋರಿಸಿದರು. ಬಟ್ಟೆ ಇಲ್ಲದೆ! ಬರಿಗೈಯಲ್ಲಿ! ಅದೂ ಒಂದು ಪಕ್ಕಕ್ಕೆ ಓರೆ!

“ಹಾಗಾ ಹಿಡಿಯುವುದು? ಬಿಡಿ ಶೆಟ್ರೇ, ಬಿಡಿ! ನಾನೇ ಎತ್ತುತ್ತೇನೆ!”

“ಮಾಯ್, ಬೇಡ! ನಿನ್ನ ಬಲ ಐದು!”

ಅಷ್ಟರಲ್ಲಿ ದಾಳ ನನ್ನ ಕೈ ಬಿಟ್ಟಿತ್ತು. ಹತ್ತೊಂಬತ್ತು. ನನ್ನ ಅಡುಗೆಯವಳು ಬಿಸಿ ಗಂಜಿಯ ಅಡಿಯಲ್ಲಿ ತೀರಿಕೊಂಡಳು.

ಯಾರೂ ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಕೋಪ ಬಂದದ್ದು.

ಹಬ್ಬದ ದಿನ ಬೆಂಡೆ, ಹೀರೆ, ಅಲಸಂಡೆ, ಕೆಸುವಿನ ದಂಟು ಎಂದೆಲ್ಲ ಏಳು ಬಗೆ ಒಬ್ಬಳೇ ಮುಗಿಸಿದೆ. ಪಾಪ, ಶೆಟ್ರು ಬೆಳಿಗ್ಗೆಯೇ ಬಂದು, “ಬೆಟ್ಟು ಹೋಗ್ಲಿ ಬಾಯಮ್ಮ, ಅನ್ನದ ಚರಿಗೆ ನಾನು ಇಳಿಸ್ತೇನೆ,” ಎಂದರು. ಈ ಸಲ ಬಟ್ಟೆಯನ್ನೂ ಹಿಡಿದಿದ್ದರು. ಆದರೆ ಒದ್ದೆ ಬಟ್ಟೆ, ಕೈ ಸುಡುವುದಿಲ್ಲವೇ!

“ಬಿಡಿ ಶೆಟ್ರೇ, ನಾನೇ!” ಎಂದು ಬಗ್ಗಿದೆ. ಬಗ್ಗಿದವಳು ಏಳಲಿಲ್ಲ. ಸೊಂಟ ಹಿಡಿಯಿತು.

ಉಳಿದ ಎರಡು ಬಗೆ ಪಾಸ್ಕಲ್, ಶೆಟ್ರು ಸೇರಿ ಮಾಡಿದರು. ಐರಿನ್ ನನಗೆ ಚಮಚದಲ್ಲಿ ತಿನ್ನಿಸಿದಳು. ಕುರ್ಚಿ ಕೇಳಿದ್ದೆ, ಮಂಚ ಸಿಕ್ಕಿತು.

“ಉಪ್ಪು ಕಡಿಮೆ!” ಎಂದು ಅಲ್ಲಿಂದಲೇ ಕೂಗಿದೆ. ಅದಕ್ಕೆ ಮಾತ್ರ ಬಲ ಬೇಕಾಗಲಿಲ್ಲ.